ತಿರುಗಿದ್ದು ನೇರವಾಗುವುದು ಹೇಗೆ, ಕೈ ಬಿಟ್ಟರೆ ಏನಾಗುತ್ತದೆ

ಖಲೀಫಾ ಸಿಟಿಯಿಂದ ಮಾತಾಡುತ್ತಿದ್ದೇನೆ. ನನ್ನ ಸರದಿ ಬಂದಾಗ ಗಾದೆಯೋ ವಚನವೋ ಹಳಗನ್ನಡವೋ ಬರುತ್ತದೆ ಎಂದು ನೀವು ಕಾದಿರುತ್ತೀರಿ. ಇವತ್ತು ಯಂತ್ರದ ಮಾತು. ಕನ್ನಡ ಎಂ.ಎ. ಮಾಡಿದ ಆಂಟಿಗೆ ಇದರ ಉಸಾಬರಿ ಯಾಕೆ ಅನ್ನಬೇಡಿ. ಅಡುಗೆಮನೆಯಲ್ಲಿ, ಹೊಲಿಗೆ ಮಿಷನ್ನಿನ ಮುಂದೆ ಇಪ್ಪತ್ತು ವರ್ಷ ಕಳೆದವರಿಗೂ ಯಂತ್ರದ ಬಗ್ಗೆ ಹೇಳುವುದು ಸ್ವಲ್ಪ ಇರುತ್ತದೆ.

ವಿಷಯ ಇಷ್ಟೇ. ಮೋಟಾರು ತಿರುಗುತ್ತದೆ; ಅದಕ್ಕೆ ಗೊತ್ತಿರುವುದು ಅದೊಂದೇ. ನಮಗೆ ಬೇಕಾದ ಕೆಲಸವೋ, ಬಹಳ ಸಲ ನೇರ ಗೆರೆಯದ್ದು. ಗೇಟು ಪಕ್ಕಕ್ಕೆ ಸರಿಯಬೇಕು, ಲಿಫ್ಟು ಮೇಲೇರಬೇಕು, ಕಾರಿನ ಕಿಟಕಿಯ ಗಾಜು ಇಳಿಯಬೇಕು, ಸೂಜಿ ಮೇಲೆ ಕೆಳಗೆ ಆಡಬೇಕು. ತಿರುಗುವ ಭಾಷೆ ಒಂದು, ನೇರ ಹೋಗುವ ಭಾಷೆ ಇನ್ನೊಂದು. ನಡುವೆ ಒಬ್ಬ ದುಭಾಷಿ ಬೇಕು. ಮನೆಯಲ್ಲಿ ಅಜ್ಜಿಗೂ ಶಾಲೆಯ ಗೆಳೆಯರಿಗೂ ನಡುವೆ ನೀವು ಮಾಡುವ ಕೆಲಸವನ್ನೇ ಯಂತ್ರದೊಳಗೆ ತಿರುಪು, ಹಲ್ಲುಚಕ್ರ, ಕ್ರ್ಯಾಂಕು, ಹಗ್ಗ ಸುತ್ತುವ ಉರುಳೆ ಇವು ಮಾಡುತ್ತವೆ.

ನಿಮ್ಮ ಪುಸ್ತಕದಲ್ಲಿ ಇವುಗಳ ಬಗ್ಗೆ ಎರಡು ಪ್ರಶ್ನೆ ಇರುತ್ತವೆ: ಎಷ್ಟು ಬಲ ಬರುತ್ತದೆ, ಎಷ್ಟು ವೇಗ ಸಿಗುತ್ತದೆ. ನನಗೆ ಮೂರನೆಯದೊಂದು ಪ್ರಶ್ನೆ ಮುಖ್ಯ ಅನ್ನಿಸಿದೆ. ಕೈ ಬಿಟ್ಟರೆ ಏನಾಗುತ್ತದೆ? ಇದ್ದಲ್ಲೇ ನಿಲ್ಲುತ್ತದೆಯೋ, ಹಿಂದಕ್ಕೆ ಓಡುತ್ತದೆಯೋ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಶ್ಯಾವಿಗೆ ಒರಳು. ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಮನೆಗಳಿಂದ ಬಂದವರಿಗೆ ಒತ್ತು ಶ್ಯಾವಿಗೆ ಗೊತ್ತು. ಅಕ್ಕಿ ಹಿಟ್ಟಿನ ಉಂಡೆಗಳನ್ನು ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ತುಂಬಿ ಒತ್ತುತ್ತಾರೆ. ಕೆಳಗಿನ ಬಿಲ್ಲೆಯ ತೂತುಗಳಿಂದ ಎಳೆ ಎಳೆಯಾಗಿ ಇಳಿಯುತ್ತದೆ. ಕಾಯಿಹಾಲು ಹಾಕಿಕೊಂಡು ತಿನ್ನುವುದು. (ಒತ್ತು ಅನ್ನುವುದು ಪ ಕೆಳಗೆ ಪ ಬರೆಯುವಾಗ ನಿಮ್ಮ ಜೀವ ತೆಗೆಯುವ ಅದೇ ಒತ್ತು. ಅಲ್ಲೂ ಒಂದು ಅಕ್ಷರವನ್ನು ಇನ್ನೊಂದರ ಅಡಿಗೆ ಒತ್ತಿ ಕೂರಿಸುವುದೇ ತಾನೇ?) ಊರಿನ ಮನೆಗಳಲ್ಲಿದ್ದ ದೊಡ್ಡ ಒರಳಿಗೆ ಮೂರು ಕಾಲು, ನಡುವೆ ಕೈ ತೋಳಿನಷ್ಟು ದಪ್ಪದ ತಿರುಪು, ಅದರ ತಲೆಗೆ ಎರಡೂ ಕಡೆ ಚಾಚಿದ ಹಿಡಿ. ಎದುರುಬದುರು ನಿಂತು ಇಬ್ಬರು ಹಿಡಿ ತಿರುಗಿಸುತ್ತಿದ್ದರು. ಹಿಡಿ ಸುತ್ತುತ್ತದೆ, ತಿರುಪು ನೇರ ಕೆಳಗೆ ಇಳಿಯುತ್ತದೆ.

ತಿರುಪು ಎಂಬ ಮಾತನ್ನೇ ನೋಡಿ. ತಿರುಗು, ತಿರುಚು, ತಿರುವು, ತಿರುಗಣೆ, ತಿರುಪು, ಎಲ್ಲ ಒಂದೇ ಮನೆಯ ಮಕ್ಕಳು. ಸ್ಕ್ರೂ ಅಂದರೂ ತಪ್ಪಿಲ್ಲ, ಎಲ್ಲರೂ ಅನ್ನುತ್ತೇವೆ. ಆದರೆ ತಿರುಪು ಅಂದರೆ ಅದು ಏನು ಮಾಡುತ್ತದೆ ಎಂಬುದು ಹೆಸರಲ್ಲೇ ಇದೆ.

ಈ ತಿರುಪಿನ ಒಳಗುಟ್ಟು ಏನು? ಅಲ್ ಐನ್‌ನ ಜೆಬೆಲ್ ಹಫೀತ್ ಬೆಟ್ಟಕ್ಕೆ ನೀವು ಹೋಗಿರುತ್ತೀರಿ. ಬುಡದಿಂದ ತುದಿಗೆ ನೆಟ್ಟಗೆ ರಸ್ತೆ ಹಾಕಿದ್ದರೆ ಯಾವ ಕಾರೂ ಹತ್ತುತ್ತಿರಲಿಲ್ಲ. ಅದಕ್ಕೇ ರಸ್ತೆಯನ್ನು ಬಳಸಿ ಬಳಸಿ ತೆಗೆದುಕೊಂಡು ಹೋಗಿದ್ದಾರೆ. ದಾರಿ ಉದ್ದವಾಯಿತು, ಏರು ಸೌಮ್ಯವಾಯಿತು. ತಿರುಪಿನ ಮೇಲಿನ ಸುರುಳಿ ಗೆರೆಯೂ ಅಂಥದೇ ಒಂದು ಇಳಿಜಾರು, ಕಂಬಕ್ಕೆ ಸುತ್ತಿದ್ದು. ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಪೆನ್ಸಿಲಿಗೆ ಸುತ್ತಿದರೆ ಅಂಚು ತಾನೇ ಸುರುಳಿಯಾಗಿ ಕಾಣುತ್ತದೆ. ಮಾಡಿ ನೋಡಿ.

ಈಗ ಲೆಕ್ಕ. ತಿರುಪಿನ ನಡುವಿನಿಂದ ಹಿಡಿಯ ತುದಿಗೆ 30 ಸೆಂಟಿಮೀಟರ್ ಇದೆ ಅನ್ನೋಣ. ಒಂದು ಸುತ್ತಿಗೆ ನಿಮ್ಮ ಕೈ ಸುಮಾರು 188 ಸೆಂಟಿಮೀಟರ್ ಓಡಾಡುತ್ತದೆ. ಅಷ್ಟಕ್ಕೆ ತಿರುಪು ಇಳಿಯುವುದು ಒಂದು ಸೆಂಟಿಮೀಟರ್. ದೂರದಲ್ಲಿ 188 ಪಟ್ಟು ಕಳೆದುಕೊಂಡಿರಿ. ಉಜ್ಜಾಟವೇ ಇಲ್ಲದಿದ್ದರೆ ಬಲದಲ್ಲಿ ಅಷ್ಟೇ ಪಟ್ಟು ಗಳಿಸುತ್ತಿದ್ದಿರಿ. ಐದು ಕಿಲೋ ತೂಕದಷ್ಟು ಬಲ ಹಾಕಿದರೆ 940 ಕಿಲೋ. ನಿಜದಲ್ಲಿ ಅಷ್ಟು ಬರುವುದಿಲ್ಲ, ಮೂರರಲ್ಲಿ ಒಂದು ಪಾಲು ಬಂದರೂ 300 ಕಿಲೋ ದಾಟಿತು. ಇದರ ಪಕ್ಕದಲ್ಲಿ ಅಂಗೈಯಿಂದ ಒತ್ತುವ ಚಕ್ಕುಲಿ ಒರಳು ಇಟ್ಟು ನೋಡಿ. ಅಲ್ಲಿ ನೀವು ಒತ್ತಿದಷ್ಟೇ, ಒಂದು ಗುಂಜಿಯೂ ಹೆಚ್ಚಿಲ್ಲ. ಚಕ್ಕುಲಿ ಹಿಟ್ಟು ಮೆತ್ತಗಿರುವುದರಿಂದ ನಡೆಯುತ್ತದೆ. ಬೇಯಿಸಿದ ಅಕ್ಕಿ ಉಂಡೆಯನ್ನು ಅದಕ್ಕೆ ತುಂಬಿ ಒತ್ತಿ ನೋಡಿದವರಿಗೆ ಮಣಿಕಟ್ಟು ನೋವು ಏನೆಂದು ಗೊತ್ತು.

ಇನ್ನು ನನ್ನ ಪ್ರಶ್ನೆ. ಶ್ಯಾವಿಗೆ ಅರ್ಧ ಇಳಿದಾಗ ತಟ್ಟೆ ಬದಲಿಸಬೇಕು. ಇಬ್ಬರೂ ಕೈ ಬಿಡುತ್ತಾರೆ. ಒಳಗೆ ಒತ್ತಡದಲ್ಲಿರುವ ಹಿಟ್ಟು ಒಂದೆರಡು ಎಳೆ ಇನ್ನೂ ಬಿಟ್ಟು ನಿಲ್ಲುತ್ತದೆ. ಹಿಡಿ ಮಾತ್ರ ಇದ್ದಲ್ಲೇ ಇರುತ್ತದೆ, ಹಿಂದಕ್ಕೆ ಗಿರ್ರನೆ ಸುತ್ತುವುದಿಲ್ಲ. ಯಾಕೆ? ಸುರುಳಿಯ ಇಳಿಜಾರು ತುಂಬ ಸೌಮ್ಯ. ಸ್ವಲ್ಪವೇ ಓರೆ ಇಟ್ಟ ಹಲಗೆಯ ಮೇಲಿನ ಪುಸ್ತಕ ಜಾರದೆ ಕೂರುತ್ತದಲ್ಲ, ಹಾಗೆ. ಹಲಗೆಯನ್ನು ಇನ್ನೂ ಎತ್ತಿದರೆ ಒಂದು ಹಂತದಲ್ಲಿ ಜಾರುತ್ತದೆ. ತಿರುಪಿನಲ್ಲೂ ಸುರುಳಿ ಕಡಿದಾದರೆ, ಅಥವಾ ಎಣ್ಣೆ ಹಾಕಿ ತೀರಾ ನುಣುಪು ಮಾಡಿದರೆ, ಅದು ಹಿಂದಕ್ಕೆ ಸುತ್ತಬಹುದು.

ಇಲ್ಲೊಂದು ಸ್ವಾರಸ್ಯ ಇದೆ. ಕೈ ಬಿಟ್ಟರೂ ನಿಲ್ಲುವ ತಿರುಪು ನಿಮ್ಮ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ನುಂಗುತ್ತದೆ. ಕೆಟ್ಟ ತಿರುಪು ಮಾತ್ರ ಅಲ್ಲ, ಇಂಥ ಎಲ್ಲ ತಿರುಪೂ. ಭಾರವನ್ನು ಹಿಂದೆ ಜಾರಲು ಬಿಡದಷ್ಟು ಉಜ್ಜಾಟ ಇದೆ ಅಂದಮೇಲೆ, ಅದೇ ಉಜ್ಜಾಟ ಮುಂದೆ ಹೋಗುವಾಗಲೂ ಕೈಗೆ ಎದುರಾಗುತ್ತದೆ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿರುವವರು ಇದನ್ನು ಸಮೀಕರಣದಲ್ಲಿ ತೋರಿಸಬಲ್ಲಿರಿ: ದಕ್ಷತೆ ಶೇಕಡಾ 50ಕ್ಕಿಂತ ಕಡಿಮೆ. ಬೇರೆಡೆ ಉಜ್ಜಾಟವನ್ನು ನಷ್ಟ ಅನ್ನುತ್ತೇವೆ. ಇಲ್ಲಿ ಅದು ಕಾವಲುಗಾರನ ಸಂಬಳ.

ನಿಮ್ಮಲ್ಲಿ ಹಲವರ ಶಾಲೆಯಲ್ಲಿ, ಕೆಲವರ ಮನೆಯಲ್ಲೇ, ತ್ರೀ-ಡಿ ಪ್ರಿಂಟರ್ ಇದೆ. ವಿದ್ಯುತ್ ತೆಗೆದು ಅದನ್ನು ಮುಟ್ಟಿ ನೋಡಿ. ಎಡಬಲಕ್ಕೆ ಓಡುವ ತಲೆಯನ್ನು ಸಾಮಾನ್ಯವಾಗಿ ರಬ್ಬರ್ ಬೆಲ್ಟು ಎಳೆಯುತ್ತದೆ, ಬೆರಳಲ್ಲಿ ತಳ್ಳಿದರೆ ಸರಿಯುತ್ತದೆ. ಮೇಲೆ ಕೆಳಗೆ ಹೋಗುವ ಭಾಗಕ್ಕೆ ಬಹುಮಟ್ಟಿಗೆ ತಿರುಪು ಇರುತ್ತದೆ, ವಿದ್ಯುತ್ ಹೋದರೂ ಕೆಳಗೆ ಬೀಳುವುದಿಲ್ಲ. ಎರಡು ಕಡೆ ಎರಡು ಬಗೆ ಯಾಕೆ ಎಂದು ಯೋಚಿಸಿದ್ದಿರಾ? ಅಡ್ಡ ಹೋಗುವುದಕ್ಕೆ ವೇಗ ಬೇಕು, ಬೀಳುವ ಭಯವಿಲ್ಲ. ಮೇಲೇರಿದ್ದಕ್ಕೆ ವೇಗ ಬೇಡ, ಬೀಳಬಾರದು ಅಷ್ಟೇ. ಕಾರ್ಖಾನೆಯ ದೊಡ್ಡ ಯಂತ್ರಗಳಲ್ಲಿ ಸುರುಳಿಯೊಳಗೆ ಸಣ್ಣ ಉಕ್ಕಿನ ಗೋಲಿಗಳನ್ನು ಉರುಳಿಸುವ ಬಾಲ್ ಸ್ಕ್ರೂ ಇರುತ್ತದೆ. ಶೇಕಡಾ 90ರಷ್ಟು ಶ್ರಮ ಕೆಲಸಕ್ಕೆ ಸಿಗುತ್ತದೆ, ಆದರೆ ಅದು ತಾನಾಗಿ ನಿಲ್ಲುವುದಿಲ್ಲ. ಎತ್ತಿ ಹಿಡಿಯುವ ಕಡೆ ಬ್ರೇಕು ಬೇರೆ ಜೋಡಿಸಬೇಕು.

ಕಾರಿನ ಡಿಕ್ಕಿಯಲ್ಲಿರುವ ಜಾಕು ಕೂಡ ತಿರುಪೇ. ಹಿಡಿ ಬಿಟ್ಟರೂ ಕಾರು ಇಳಿಯುವುದಿಲ್ಲ. ಹಾಗೆಂದು ಅದರ ಅಡಿಗೆ ತೂರಬೇಡಿ. ತಿರುಪು ಹಿಡಿದುಕೊಂಡಿರುತ್ತದೆ, ಅದರ ಕೆಳಗಿನ ಮರಳು ಹಿಡಿದುಕೊಳ್ಳಬೇಕಲ್ಲ. ಲಿವಾ ಕಡೆ ಮರಳಿಗೆ ಹೋಗುವವರು ಜಾಕಿನ ಜೊತೆ ಒಂದು ಅಗಲ ಹಲಗೆ ಇಟ್ಟುಕೊಳ್ಳುವುದು ಅದಕ್ಕೇ.

ಹೊಲಿಗೆ ಮಿಷನ್ನಿನಲ್ಲಿ ವಿಚಾರ ಬೇರೆ. ಅಲ್ಲಿ ಯಾವುದನ್ನೂ ಎತ್ತಿ ಹಿಡಿಯಬೇಕಾಗಿಲ್ಲ, ಹೋಗಿ ಬರುತ್ತಲೇ ಇರಬೇಕು. ಅಮ್ಮನದೋ ಅಜ್ಜಿಯದೋ ಕಾಲಿನ ಮಿಷನ್ ನೋಡಿದ್ದರೆ ನೆನಪು ಮಾಡಿಕೊಳ್ಳಿ. ಕಾಲು ಪೆಡಲನ್ನು ಮುಂದೆ ಹಿಂದೆ ತೂಗುತ್ತದೆ. ಒಂದು ಕಡ್ಡಿ ಆ ತೂಗಾಟವನ್ನು ಕೆಳಗಿನ ದೊಡ್ಡ ಚಕ್ರದ ತಿರುಗಾಟ ಮಾಡುತ್ತದೆ. ಬೆಲ್ಟು ಆ ತಿರುಗಾಟವನ್ನು ಮೇಲಿನ ಚಕ್ರಕ್ಕೆ ಒಯ್ಯುತ್ತದೆ. ಮಿಷನ್ನಿನ ಮೂತಿಯೊಳಗೆ ಇನ್ನೊಂದು ಪುಟ್ಟ ಕ್ರ್ಯಾಂಕು ಅದನ್ನು ಮತ್ತೆ ಸೂಜಿಯ ಏರಿಳಿತ ಮಾಡುತ್ತದೆ. ಒಂದೇ ಯಂತ್ರದಲ್ಲಿ ಎರಡು ಸಲ ಅನುವಾದ, ಒಂದು ಅತ್ತ, ಒಂದು ಇತ್ತ. ಕ್ರ್ಯಾಂಕು ಅಂದರೆ ಏನೂ ಅಲ್ಲ, ತಿರುಗುವ ಚಕ್ರದಲ್ಲಿ ನಡುವಿನಿಂದ ಆಚೆಗೆ ನೆಟ್ಟ ಒಂದು ಗೂಟ, ಅದಕ್ಕೆ ಸಿಕ್ಕಿಸಿದ ಕಡ್ಡಿ. ಗೂಟ ನಡುವಿನಿಂದ ಎಷ್ಟು ದೂರವೋ ಅದರ ಎರಡರಷ್ಟು ಸೂಜಿ ಓಡಾಡುತ್ತದೆ.

ಹೊಸದಾಗಿ ಕಲಿಯುವವರಿಗೆ ಇದು ಕೊಡುವ ಕಾಟ ಪ್ರಸಿದ್ಧ. ಪೆಡಲ್ ಪೂರ್ತಿ ಮೇಲೋ ಪೂರ್ತಿ ಕೆಳಗೋ ಇದ್ದಾಗ ಕಡ್ಡಿಯೂ ಗೂಟವೂ ಚಕ್ರದ ನಡುವೂ ಒಂದೇ ಗೆರೆಗೆ ಬಂದಿರುತ್ತವೆ. ಆಗ ಎಷ್ಟು ತುಳಿದರೂ ಚಕ್ರ ಅಲ್ಲಾಡದು. ಇಂಜಿನಿಯರುಗಳು ಡೆಡ್ ಸೆಂಟರ್ ಅನ್ನುವುದು ಇದನ್ನೇ. ಟೈಲರುಗಳು ಬಲಗೈಯಿಂದ ಮೇಲಿನ ಚಕ್ರವನ್ನು ತಮ್ಮ ಕಡೆಗೆ ಒಂದಿಷ್ಟು ಎಳೆದು ಬಿಟ್ಟು ತುಳಿತ ಶುರು ಮಾಡುವುದು ಆ ಬಿಂದುವನ್ನು ದಾಟಿಸಲಿಕ್ಕೆ. ಎಳೆಯದೆ ತುಳಿದರೆ ಚಕ್ರ ಹಿಂದಕ್ಕೂ ಸುತ್ತಬಹುದು, ಅಡಿಯಲ್ಲಿ ದಾರ ಗೋಜಲು. ಒಮ್ಮೆ ಓಡತೊಡಗಿದ ಮೇಲೆ ಕೆಳಗಿನ ಚಕ್ರದ ತೂಕವೇ ಆ ಬಿಂದುಗಳನ್ನು ದಾಟಿಸಿಕೊಂಡು ಹೋಗುತ್ತದೆ.

ಈ ಗೂಟದ ಉಪಾಯ ನಾವಿರುವ ಪ್ರದೇಶಕ್ಕೆ ಹೊಸದಲ್ಲ. ದಿಯಾರ್‌ಬಕಿರ್‌ನ ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಯಂತ್ರಗಳ ಬಗ್ಗೆ ಅರಬ್ಬಿಯಲ್ಲಿ ಗ್ರಂಥ ಮುಗಿಸಿದ. ಅದರಲ್ಲಿ ನೀರೆತ್ತುವ ಒಂದು ಯಂತ್ರ ಇದೆ. ಹೊಳೆಯ ನೀರು ಚಕ್ರ ತಿರುಗಿಸುತ್ತದೆ, ಚಕ್ರದ ಗೂಟ ಒಂದು ಕಡ್ಡಿಯ ಸೀಳಿನೊಳಗೆ ಆಡುತ್ತದೆ, ಕಡ್ಡಿ ಎಡಕ್ಕೂ ಬಲಕ್ಕೂ ತೂಗುತ್ತದೆ, ಎರಡು ಕಡೆಯ ಎರಡು ಪಂಪುಗಳಲ್ಲಿ ಒಂದು ಹೀರುವಾಗ ಇನ್ನೊಂದು ತಳ್ಳುತ್ತದೆ. ಚಿತ್ರಗಳ ಸಮೇತ ಬರೆದಿದ್ದಾನೆ. ಎಂಟುನೂರು ವರ್ಷ ಹಿಂದಿನ ಮಾತು.

ಗಣಿತದ ಹುಚ್ಚು ಇರುವವರಿಗೆ ಒಂದು ಪಕ್ಕದ ಮಾತು. ಸೂಜಿಯ ಕಂಬಿ ಆಚೀಚೆ ವಾಲದೆ ನೇರ ಹೋಗುವುದು ಅದನ್ನು ಒಂದು ಕೊಳವೆಯೊಳಗೆ ತೂರಿಸಿರುವುದರಿಂದ. ಕೊಳವೆಯೇ ಇಲ್ಲದೆ, ಬರಿಯ ಕಡ್ಡಿಗಳನ್ನು ಕೀಲು ಹಾಕಿ ಜೋಡಿಸಿ, ಒಂದು ಬಿಂದುವನ್ನು ನೆಟ್ಟಗೆ ಓಡಿಸಬಹುದೇ? ಜೇಮ್ಸ್ ವಾಟ್ 1784ರಲ್ಲಿ ಹೆಚ್ಚುಕಡಿಮೆ ನೇರ ಅನ್ನುವಂಥ ಜೋಡಣೆ ಮಾಡಿದ, ತನ್ನ ಯಾವ ಸೃಷ್ಟಿಗಿಂತಲೂ ಅದರ ಬಗ್ಗೆ ಅವನಿಗೆ ಹೆಮ್ಮೆ ಜಾಸ್ತಿ. ಪೂರ್ತಿ ನೇರವಾದ ಗೆರೆ ಕೊಟ್ಟವನು ಪೊಸೆಲಿಯೆ ಎಂಬ ಫ್ರೆಂಚ್ ಸೇನಾ ಇಂಜಿನಿಯರ್, 1864ರಲ್ಲಿ, ಏಳು ಕಡ್ಡಿಗಳಿಂದ. ಐಸ್‌ಕ್ರೀಂ ಕಡ್ಡಿ, ಗುಂಡುಪಿನ್ನು ಇದ್ದರೆ ನೀವೂ ಮಾಡಬಹುದು.

ಇನ್ನು ಹಗ್ಗ ಮತ್ತು ಚೈನು. ತುಂಬ ಸರಳ, ತುಂಬ ಹಳೆಯದು, ಮತ್ತು ನನ್ನ ಪ್ರಶ್ನೆಗೆ ಅತ್ಯಂತ ಕೆಟ್ಟ ಉತ್ತರ ಕೊಡುವಂಥದು. ಬಾವಿಯ ರಾಟೆಯಲ್ಲಿ ಹಗ್ಗ ಬಿಟ್ಟರೆ ಕೊಡ ಬಾವಿಗೆ. ಹಳೇ ಮೈಸೂರಿನ ಕಡೆ ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಎತ್ತು ಇಳಿಜಾರಿನಲ್ಲಿ ನಡೆದರೆ ಹಗ್ಗ ರಾಟೆಯ ಮೇಲೆ ಹಾದು ಚರ್ಮದ ಚೀಲವನ್ನು ಮೇಲಕ್ಕೆ ತರುತ್ತಿತ್ತು. ಈ ದೇಶದಲ್ಲೂ ಎತ್ತಿನಿಂದ ನೀರೆಳೆಯುವ ಅಂಥದೇ ಬಾವಿ ಇತ್ತು, ಯಾಜ್ರಾ ಅನ್ನುತ್ತಾರೆ. ಇಲ್ಲೆಲ್ಲ ಎತ್ತು ನಿಂತರೆ ಅದೇ ಬ್ರೇಕು.

ಅದನ್ನೇ ದೊಡ್ಡದು ಮಾಡಿ. ಎತ್ತಿನ ಜಾಗಕ್ಕೆ ಮೋಟಾರು, ರಾಟೆಯ ಜಾಗಕ್ಕೆ ಹಲ್ಲುಚಕ್ರ, ಹಗ್ಗದ ಜಾಗಕ್ಕೆ ಉಕ್ಕಿನ ಚೈನು, ಚೀಲದ ಜಾಗಕ್ಕೆ ಸುಮಾರು 60 ಅಡಿ ಅಗಲ 20 ಅಡಿ ಎತ್ತರದ ಉಕ್ಕಿನ ಬಾಗಿಲು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಕ್ರಸ್ಟ್ ಗೇಟು ಅಂದರೆ ಅದು. ಅಂಥವು 33 ಇವೆ. ಅಣೆಕಟ್ಟು ಮುಗಿದದ್ದು 1953ರಲ್ಲಿ. ಮೊದಲು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,830 ಕೋಟಿ ಲೀಟರು. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರಿನ ಗದ್ದೆಗಳು, ಆಂಧ್ರ ತೆಲಂಗಾಣದ ಪಾಲು, ಎಲ್ಲ ಇದೇ ನೀರು.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಯಿತು. ಅಣೆಕಟ್ಟು ತುಂಬಿ ನಿಂತಿತ್ತು. ಬಾಗಿಲು ನೀರಿನಲ್ಲಿ ಕೊಚ್ಚಿಕೊಂಡು ಹೋಯಿತು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಹತ್ತಿರ ಲೆಕ್ಕ ಹಾಕಿಸಿದೆ: 20 ಅಡಿ ನೀರು ಪೂರ್ತಿ ಒತ್ತಿ ನಿಂತರೆ ಅಂಥ ಒಂದು ಬಾಗಿಲಿನ ಮೇಲೆ ಬೀಳುವ ಬಲ ಸುಮಾರು 340 ಟನ್. ಆ ರಾತ್ರಿ ಇಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹೊಸಪೇಟೆ, ಗಂಗಾವತಿ, ಕಂಪ್ಲಿ ಕಡೆಯವರು ಊರಿಗೆ ಫೋನು ಹಚ್ಚುತ್ತಲೇ ಇದ್ದರು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಹಾಗೇ ಆಗಿರಬೇಕು.

ಒಂದೇ ಬಾಗಿಲಿನ ಬಾಯಿಂದ ನೀರು ನುಗ್ಗಿದರೆ ಅಪಾಯ ಎಂದು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್‌ಗೂ ಹತ್ತಿರ ನೀರನ್ನು ನದಿಗೆ ಬಿಟ್ಟರು. ಈಗ ಎದುರಿಗಿದ್ದ ಪ್ರಶ್ನೆ ನೋಡಿ. ನೀರನ್ನು ಬಾಗಿಲಿನ ಬುಡದವರೆಗೂ ಇಳಿಸಿಬಿಟ್ಟರೆ ಒಣಗಿದ ಜಾಗದಲ್ಲಿ ನಿಂತು ಹೊಸ ಬಾಗಿಲು ಹಾಕಬಹುದು, ಆದರೆ ಆ ವರ್ಷದ ಬೆಳೆಯ ನೀರು ಹೋದಂತೆ. ಇಳಿಸದಿದ್ದರೆ ಹರಿಯುವ ನೀರಿಗೇ ಬಾಗಿಲು ಇಳಿಬಿಡಬೇಕು. ಗೇಟುಗಳ ಕೆಲಸದಲ್ಲೇ ಜೀವಮಾನ ಕಳೆದ, ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಒಂದೇ ದೊಡ್ಡ ಬಾಗಿಲಿನ ಬದಲು ಅದರ ಎತ್ತರವನ್ನು ಐದು ಪಟ್ಟಿಗಳಾಗಿ ಮಾಡಿ, ಒಂದರ ಮೇಲೊಂದು ಇಳಿಸಿ ಕೂರಿಸುವ ಸ್ಟಾಪ್ ಲಾಗ್ ಉಪಾಯ. ಹೊಸಪೇಟೆ, ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಪಟ್ಟಿಗಳು ತಯಾರಾದವು. ಆಗಸ್ಟ್ 16ರ ರಾತ್ರಿ ಮೊದಲ ಪಟ್ಟಿ ಹರಿಯುವ ನೀರಿನಲ್ಲೇ ಕೂತಿತು, ಮಾರನೆಯ ದಿನ ಬಾಯಿ ಮುಚ್ಚಿತು. ಆಮೇಲಿನ ಮಳೆಗೆ ಜಲಾಶಯ ಮತ್ತೆ ತುಂಬಿಕೊಂಡಿತು. ನನಗೆ ಈ ಏಳು ದಿನಗಳ ಕತೆ ಯಾವ ಸಿನಿಮಾಕ್ಕೂ ಕಡಿಮೆ ಅನ್ನಿಸಿಲ್ಲ. ಇದನ್ನು ಯಾರಾದರೂ ಕನ್ನಡದಲ್ಲಿ ಪುಸ್ತಕ ಮಾಡಬೇಕು.

ಹಾಗಾದರೆ ಇಂಥ ಬಾಗಿಲಿಗೆ ತಿರುಪು ಯಾಕೆ ಹಾಕುವುದಿಲ್ಲ? ಊರಿನ ಕೆರೆಯ ತೂಬಿನ ಮೇಲೆ, ಕಾಲುವೆಯ ಸಣ್ಣ ಬಾಗಿಲುಗಳ ಮೇಲೆ ಕಬ್ಬಿಣದ ಉದ್ದ ತಿರುಪು ನಿಂತಿರುವುದನ್ನು ನೋಡಿರುತ್ತೀರಿ. ನೀರುಗಂಟಿ ಹತ್ತು ಸುತ್ತು ತಿರುಗಿಸಿ, ಬಾಗಿಲನ್ನು ಅರ್ಧಕ್ಕೆ ಎತ್ತಿ ಮನೆಗೆ ಹೋಗುತ್ತಾನೆ, ಬಾಗಿಲು ಅಲ್ಲೇ ಇರುತ್ತದೆ. ಸಣ್ಣದಕ್ಕೆ ಅದೇ ಸರಿ. 60 ಅಡಿಯ ಬಾಗಿಲನ್ನು 20 ಅಡಿ ಎತ್ತಲು ತಿರುಪು ಕಟ್ಟಿದರೆ ಶಕ್ತಿಯ ಬಹುಪಾಲು ಉಜ್ಜಾಟಕ್ಕೇ ಹೋಗುತ್ತದೆ, ಪ್ರವಾಹ ಬಂದ ಹೊತ್ತಿನಲ್ಲಿ ಅದರ ನಿಧಾನವೂ ಆಗದು. ಚೈನು ಬೇಗ ಎತ್ತುತ್ತದೆ. ಅದರ ಬೆಲೆ ಏನೆಂದರೆ ಚೈನಿಗೆ ಎಳೆಯಲು ಬರುತ್ತದೆ, ತಳ್ಳಲು ಬಾರದು. ಒಂದು ಕೊಂಡಿ ಹೋದರೆ ಮೇಲೆ ಮೋಟಾರು, ಬ್ರೇಕು, ಹಲ್ಲುಚಕ್ರ ಎಲ್ಲ ಸರಿಯಾಗಿದ್ದೂ ಉಪಯೋಗವಿಲ್ಲ. ಆದ್ದರಿಂದ ತಿರುಪಿನ ಉಜ್ಜಾಟ ತಾನಾಗಿ ಮಾಡುವ ಕಾವಲನ್ನು ಇಲ್ಲಿ ಮನುಷ್ಯರು ಮಾಡಬೇಕು. ಕೊಂಡಿ ಕೊಂಡಿಯನ್ನೂ ವರ್ಷ ವರ್ಷವೂ ನೋಡುತ್ತಿರಬೇಕು, ಬಾಗಿಲು ಹೋದರೆ ಇಳಿಸಲು ಸ್ಟಾಪ್ ಲಾಗು ಮೊದಲೇ ಸಿದ್ಧವಿರಬೇಕು. 2025ರ ಮಳೆಗಾಲದಲ್ಲಿ ಮುನ್ನೆಚ್ಚರಿಕೆಗೆ 80 ಟಿಎಂಸಿಯಷ್ಟೇ ನೀರು ನಿಲ್ಲಿಸುವುದೆಂದಾಯಿತು, 33 ಗೇಟುಗಳನ್ನೂ ಬದಲಿಸುವ ತೀರ್ಮಾನವೂ ಆಯಿತು. ಒಂದು ಕೊಂಡಿಯ ಖರ್ಚು ಎಲ್ಲಿಯವರೆಗೆ ಹೋಯಿತು ನೋಡಿ.

ಕೊನೆಗೆ ಹಲ್ಲುಪಟ್ಟಿ. ಹಲ್ಲುಚಕ್ರವನ್ನು ಬಿಡಿಸಿ ನೆಟ್ಟಗೆ ಮಲಗಿಸಿದರೆ ಹಲ್ಲಿನ ಪಟ್ಟಿ. ಅದರ ಮೇಲೆ ಪುಟ್ಟ ಹಲ್ಲುಚಕ್ರ ಉರುಳಿದರೆ ಒಂದೋ ಪಟ್ಟಿ ಸರಿಯಬೇಕು, ಇಲ್ಲವೇ ಚಕ್ರವೇ ಮುಂದಕ್ಕೆ ಹೋಗಬೇಕು. ನಿಮ್ಮ ಕಾರಿನ ಸ್ಟೀರಿಂಗಿನಲ್ಲಿ ಪಟ್ಟಿ ಸರಿಯುತ್ತದೆ. ನೀಲಗಿರಿಯ ಪುಟ್ಟ ರೈಲಿನಲ್ಲಿ ಚಕ್ರ ಮುಂದೆ ಹೋಗುತ್ತದೆ. ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ, ಊಟಿಯವರೆಗೆ 1908ರಲ್ಲಿ ಓಡತೊಡಗಿದ ರೈಲು ಅದು, 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಬಡಗರ ನಾಡು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ ಕೆಲವೆಡೆ 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಬೇಕು. ನುಣುಪಾದ ಹಳಿಯ ಮೇಲೆ ಚಕ್ರ ಜಾರುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಜೋಡಿ ಹಲ್ಲುಪಟ್ಟಿ ಹಾಸಿದ್ದಾರೆ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದಿ, ಹಾಗಾಗಿ ಹಿಡಿತ ಎಲ್ಲೂ ತಪ್ಪುವುದಿಲ್ಲ. ಇನ್ನೊಂದು ಜಾಣತನ ನನಗೆ ಇದಕ್ಕಿಂತ ಇಷ್ಟ. ಆ ಭಾಗದಲ್ಲಿ ಇಂಜಿನ್ನು ಬೋಗಿಗಳ ಮುಂದೆ ಇರುವುದಿಲ್ಲ, ಕೆಳಗಿನ ತುದಿಯಲ್ಲಿರುತ್ತದೆ, ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆ. ನಡುವಿನ ಕೊಂಡಿ ಕಳಚಿದರೂ ಬೋಗಿ ಕೆಳಗೆ ಓಡಿಹೋಗಲು ದಾರಿಯಿಲ್ಲ, ಇಂಜಿನ್ನಿಗೆ ಒರಗಿ ನಿಲ್ಲುತ್ತದೆ. ಅದೂ ಸಾಲದು ಎಂದು ಬೋಗಿಗಳಲ್ಲಿ ಬ್ರೇಕು ಹಿಡಿಯುವ ಸಿಬ್ಬಂದಿ ಬೇರೆ. ಕೈ ಬಿಟ್ಟರೆ ಏನಾಗುತ್ತದೆ ಎಂದು ಹಳಿ ಹಾಕುವ ಮೊದಲೇ ಕೇಳಿಕೊಂಡವರ ಕೆಲಸ.

ಅದೇ ಹಲ್ಲುಪಟ್ಟಿ ಇಲ್ಲಿ ನಮ್ಮ ಬಾಗಿಲಲ್ಲೇ ಇದೆ. ಖಲೀಫಾ ಸಿಟಿಯ ವಿಲ್ಲಾಗಳಲ್ಲಿ ಇರುವವರು ದಿನಾ ರಿಮೋಟು ಒತ್ತಿ ಒಳಗೆ ಹೋಗುತ್ತೀರಿ. ಸರಿಯುವ ಗೇಟಾದರೆ ಅದರ ಒಳಮೈಗೆ ಉದ್ದಕ್ಕೂ ಹಲ್ಲಿನ ಪಟ್ಟಿ ಕಾಣುತ್ತದೆ, ನೆಲದ ಮೇಲೆ ಕೂತ ಡಬ್ಬಿಯಿಂದ ಸಣ್ಣ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡಿರುತ್ತದೆ. ಹಲ್ಲುಪಟ್ಟಿಗೆ ತಾನಾಗಿ ನಿಲ್ಲುವ ಗುಣವಿಲ್ಲ. ಆದರೆ ಇಂಥ ಡಬ್ಬಿಗಳೊಳಗೆ ಸಾಮಾನ್ಯವಾಗಿ ತಿರುಪಿನಾಕಾರದ ವರ್ಮ್ ಗೇರ್ ಇರುತ್ತದೆ, ಶ್ಯಾವಿಗೆ ಒರಳಿನ ಗುಣದ್ದು. ಮೋಟಾರು ಗೇಟನ್ನು ತಳ್ಳಬಲ್ಲದು, ಗೇಟು ಮೋಟಾರನ್ನು ತಿರುಗಿಸಲಾರದು. ಅದಕ್ಕೇ ಮುಚ್ಚಿದ ಗೇಟನ್ನು ಕೈಯಿಂದ ಎಷ್ಟು ತಳ್ಳಿದರೂ ಸರಿಯದು. ಕರೆಂಟು ಹೋದಾಗ ಹೊರಗೆ ಬರಲೆಂದು ಡಬ್ಬಿಗೆ ಒಂದು ಕೀಲಿ ಕೊಟ್ಟಿರುತ್ತಾರೆ. ಅದನ್ನು ತಿರುಗಿಸಿದರೆ ಹಲ್ಲುಚಕ್ರ ಮೋಟಾರಿನಿಂದ ಬಿಡುಗಡೆ.

ಆ ಬಿಡುಗಡೆಯ ಹೊತ್ತೇ ಅಪಾಯದ್ದು. ಗೇಟು ಈಗ ಬರಿಯ ಗಾಲಿಯ ಮೇಲಿನ ನೂರಾರು ಕಿಲೋ ಕಬ್ಬಿಣ. ನಮ್ಮ ಕಾಂಪೌಂಡಿನಲ್ಲಿ ಒಮ್ಮೆ ರಿಪೇರಿಗೆ ಬಂದವರು ಕೀಲಿ ತಿರುಗಿಸಿಟ್ಟು, ಬಿಡಿಭಾಗ ತರುತ್ತೇವೆಂದು ಹೋದರು. ಮಧ್ಯಾಹ್ನ ಗಾಳಿ ಎದ್ದಿತು. ಗೇಟು ತಾನೇ ಸರಿಯತೊಡಗಿತು, ಇಬ್ಬರು ಹುಡುಗರಿಗೆ ಅದು ಆಟ, ಹಿಡಿದು ನೇತಾಡಿ ಜೋರಾಗಿ ತಳ್ಳಿದರು. ಗೇಟಿನ ಓಟಕ್ಕೆ ತುದಿಯಲ್ಲಿ ತಡೆ ಇರಲಿಲ್ಲ. ಎಷ್ಟೋ ದಿನದ ಹಿಂದೆ ಯಾರೋ ತೆಗೆದಿಟ್ಟವರು ಮತ್ತೆ ಹಾಕಿರಲಿಲ್ಲ. ದಿನವೂ ಮೋಟಾರು ಲೆಕ್ಕದ ಜಾಗದಲ್ಲಿ ನಿಲ್ಲಿಸುತ್ತಿದ್ದುದರಿಂದ ತಡೆ ಇಲ್ಲದ್ದು ಯಾರಿಗೂ ಗೊತ್ತಾಗಿರಲಿಲ್ಲ. ಗೇಟು ಮೇಲಿನ ಹಿಡಿಗಂಬವನ್ನು ದಾಟಿ ವಾಲಿ ಬಿತ್ತು. ಹುಡುಗರು ಆ ಕ್ಷಣಕ್ಕೆ ಬಿದ್ದ ಕಡೆ ಇರಲಿಲ್ಲ, ಒಂದು ಸೈಕಲ್ಲು ಚಪ್ಪಟೆಯಾಯಿತು, ಅಷ್ಟೇ.

ಆದ್ದರಿಂದ ನಿಮ್ಮ ಮನೆಯ ಗೇಟಿನ ಹತ್ತಿರ ಮೂರು ವಸ್ತು ನೋಡಿ. ಗೇಟು ಓಡುವ ಕಂಬಿಯ ಎರಡೂ ತುದಿಯಲ್ಲಿ ನೆಲಕ್ಕೆ ಬಿಗಿದ ಕಬ್ಬಿಣದ ತಡೆ ಇದೆಯೇ? ಮೇಲೆ ಗೇಟನ್ನು ವಾಲದಂತೆ ಹಿಡಿದಿರುವ ಗಾಲಿಗಳು ಬಿಗಿಯಾಗಿವೆಯೇ? ಬಿಡುಗಡೆಯ ಕೀಲಿ ಯಾರ ಹತ್ತಿರ ಇದೆ, ಮಕ್ಕಳ ಕೈಗೆ ಸಿಗುವಂತಿದೆಯೇ? ಮೋಟಾರು ಓಡುತ್ತಿರುವಾಗ ಹಲ್ಲುಪಟ್ಟಿಯ ಬಳಿ ಕೈ ಬೇಡ, ದೂರದಿಂದ ಕಣ್ಣಲ್ಲೇ ನೋಡಿ. ತಡೆ ಇಲ್ಲವೆಂದು ಕಂಡರೆ ನೀವೇ ಏನನ್ನೂ ಬಿಚ್ಚಲು ಹೋಗಬೇಡಿ. ಫೋಟೊ ತೆಗೆದು ಅಪ್ಪ ಅಮ್ಮನಿಗೆ ತೋರಿಸಿ, ಮನೆ ಮಾಲೀಕರಿಗೋ ವಾಚ್‌ಮನ್‌ಗೋ ಅದೇ ದಿನ ಮುಟ್ಟಿಸಿ. ಹಾಕುವವರೆಗೆ ಪುಟ್ಟ ತಮ್ಮ ತಂಗಿಯರನ್ನು ಗೇಟಿನ ಬಳಿ ಆಡಲು ಬಿಡಬೇಡಿ.